ಭೀಮಪಲಾಸಿಗೆ ಹತ್ತು ನಿಮಿಷ

ನೆದರ್ಲೆಂಡ್ಸಿನ ಐಂಡ್‌ಹೋವನ್ ಊರಿನಲ್ಲಿ ಹ್ಯಾಂಕನ ಕಾಫಿ ಬಾರ್ 2018ರ ನವೆಂಬರಿನ ಒಂದು ಭಾನುವಾರ, ಸಂಜೆ ಐದಕ್ಕೆ, ಶಾಶ್ವತವಾಗಿ ಬಾಗಿಲು ಹಾಕುವುದಿತ್ತು. ಅಷ್ಟರೊಳಗೆ ಶಾಂತಾದೇವಿ ಅಲ್ಲಿ ಒಂದು ಹಾಡು ಮುಗಿಸಬೇಕಿತ್ತು. ಹದಿಮೂರು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟ ಹಾಡು.

ಆಗ ಆಕೆ ಸಂಶೋಧನೆಗೆಂದು ಬಂದಿದ್ದ ಧಾರವಾಡದ ಹುಡುಗಿ. ಆಗಿನ ಊರೇ ಬೇರೆ. ಹೊಳೆದಂಡೆಯ ನೆಲಮಾಳಿಗೆಯಲ್ಲಿ ಜಾಜ್, ಸ್ಟೇಷನ್ ಹಿಂದಿನ ಗೋದಾಮಿನಲ್ಲಿ ಕಿವಿ ಹರಿಯುವಂಥ ರಾಕ್. ಹ್ಯಾಂಕನಲ್ಲಿ ಪ್ರತಿ ಭಾನುವಾರ ಯಾರು ಬೇಕಾದರೂ ಹತ್ತಬಹುದಾದ, ಮೊಣಕಾಲೆತ್ತರದ ವೇದಿಕೆ. ಒಂದೇ ಕಪ್ ಕಾಫಿ ಹಿಡಿದು ನಾಲ್ಕು ತಾಸು ಕೂತರೂ ಯಾರೂ ಏಳು ಎನ್ನುತ್ತಿರಲಿಲ್ಲ. ನೆಲಮಾಳಿಗೆ ಈಗ ಜಿಮ್ ಆಗಿದೆ. ಗೋದಾಮಿನಲ್ಲಿ ಫ್ಲ್ಯಾಟುಗಳೆದ್ದಿವೆ.

2005ರಲ್ಲಿ ಆಕೆ ಆ ವೇದಿಕೆಯ ಮೇಲೆ ಭೀಮಪಲಾಸಿ ರಾಗ ಎತ್ತಿಕೊಂಡಿದ್ದಳು. ಧಾರವಾಡದಲ್ಲಾಗಿದ್ದರೆ ಮೊದಲ ಆಲಾಪಕ್ಕೇ ಮುಂದಿನ ಸಾಲಿನ ಹಿರಿಯರು ‘ಆಹಾ’ ಎಂದು ತಲೆದೂಗುತ್ತಿದ್ದರು. ಇಲ್ಲಿ ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ. ಸಾಲದ್ದಕ್ಕೆ ಹ್ಯಾಂಕ್ ಕಾಫಿ ಯಂತ್ರವನ್ನು ಬಂದ್ ಮಾಡಿ ಕೈಕಟ್ಟಿ ನಿಂತ. ಸಾಕು, ಇಳಿ ಎನ್ನುತ್ತಿದ್ದಾನೆ ಎಂದುಕೊಂಡ ಆಕೆ ಅರ್ಧದಲ್ಲೇ ಕೈಮುಗಿದು ಸೈಕಲ್ ಹತ್ತಿದವಳು ಮತ್ತೆ ಆ ಬೀದಿಗೆ ಹೋಗಲಿಲ್ಲ. ಇಲ್ಲಿ ಮಿಸುಕದೆ ಕೂತು ಕೇಳುವುದೇ ಮರ್ಯಾದೆ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮಗಳ ಶಾಲೆಯಲ್ಲಿ ಯಾರದೋ ಪಿಟೀಲಿಗೆ ಈಕೆ ‘ಭಲೇ’ ಅಂದಾಗ ಇಡೀ ಸಭೆ ತಿರುಗಿ ನೋಡಿತ್ತು.

“ಮುಂದ ಇನ್ನೂ ಐದು ಮಂದಿ ಅದಾರ. ನಿನ್ನ ಪಾಳಿ ಬರೂದ್ರಾಗ ಬಿಲ್ಡಿಂಗ್ ಕೆಡವಿ ಹಾಕ್ತಾರ ನೋಡು,” ಎಂದ ಗಂಡ ಮಲ್ಲಿಕಾರ್ಜುನ, ಈ ಕೊನೆಯ ಭಾನುವಾರ ಹ್ಯಾಂಕನಲ್ಲಿ ಆಕೆಯ ಪಕ್ಕ ತಬಲಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು.

“ಕೆಡವಿದ್ರ ಇಟ್ಟಂಗಿ ಮ್ಯಾಲ ಕುಂತು ಹಾಡ್ತೀನ್ರಿ. ನೀವು ಠೇಕಾ ತಪ್ಪಬ್ಯಾಡ್ರಿ, ಸಾಕು.”

“ನಾನಾ? ಹೋದ ವಾರ ಅಡಗಿಮನ್ಯಾಗ ಸಮ್ ತಪ್ಪಿಸಿದಾಕಿ ಯಾರು?”

“ಹಾಲು ಉಕ್ಕಾಕ್ಹತ್ತಿತ್ತರಿ. ಅದು ಲೆಕ್ಕಕ್ಕಿಲ್ಲ.”

ಹತ್ತು ವರ್ಷದ ಮಗಳು ಐಶ್ವರ್ಯಾ ಕುರ್ಚಿಯಲ್ಲೇ ಕುಗ್ಗಿ ಕೂತಿದ್ದಳು. “ಮಮ್ಮಿ, ಪ್ಲೀಸ್, ನಾಟ್ ದ ಲಾಂಗ್ ಒನ್. ನನ್ನ ಕ್ಲಾಸಿನ ಲೀಸಾ ಬಂದಾಳ!”

“ಬಂದಾಳಲ್ಲ, ಚೊಲೋ ಆತು. ಕೇಳ್ಲಿ.”

ಗಿಟಾರುಗಳು, ಒಂದು ಅಕಾರ್ಡಿಯನ್, ಕವಿತೆ ಓದಿ ತಾನೇ ಅತ್ತ ಮುದುಕ, ಎಲ್ಲ ಮುಗಿಯುವಾಗ ಐದಕ್ಕೆ ಹನ್ನೆರಡು ನಿಮಿಷ ಬಾಕಿ. ಹ್ಯಾಂಕ್ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ: “ನಾಲ್ಕು ನಿಮಿಷ ಕೊಡಬಲ್ಲೆ. ಬೀಗದ ಕೈ ತಗೊಳ್ಳೋಕೆ ಕಟ್ಟಡ ಕೊಂಡವರ ಕಡೆಯವನು ಬಂದಾಗಿದೆ.”

ಬಾಗಿಲ ಬಳಿ ಕೋಟು ಬಿಚ್ಚದೆ, ಫೈಲು ಹಿಡಿದು ನಿಂತವನನ್ನು ಆಕೆ ನೋಡಿದಳು. ನಾಲ್ಕು ನಿಮಿಷದಲ್ಲಿ ಆಲಾಪವೂ ಮುಗಿಯದು. ಇಂದೂ ಅರ್ಧಕ್ಕೆ ಇಳಿಯಬೇಕೆ? ಸೀದಾ ಅವನ ಬಳಿ ಹೋಗಿ ಡಚ್ಚಿನಲ್ಲಿ ಕೇಳಿದಳು:

“ನಿಮ್ಮ ಅಪಾಯಿಂಟ್‌ಮೆಂಟ್ ಎಷ್ಟಕ್ಕೆ?”

“ಐದಕ್ಕೆ.”

“ಇನ್ನೂ ಹನ್ನೆರಡು ನಿಮಿಷ ಇದೆ. ನನಗೆ ಹತ್ತು, ನಿಮಗೆ ಎರಡು. ದಯವಿಟ್ಟು ಕೂತ್ಕೊಳ್ಳಿ.”

ಹೊತ್ತಿಗೆ ಮುಂಚೆ ಬಂದವನು, ಕೊಟ್ಟ ಹೊತ್ತೇ ಕಾಯಿದೆಯಾದ ಈ ನಾಡಿನಲ್ಲಿ ಏನು ತಕರಾರು ಮಾಡಿಯಾನು? ಗಡಿಯಾರ ನೋಡಿ, ಹೌದೆಂದು ತಲೆಯಾಡಿಸಿ, ಕೂತ.

“ಜಬರದಸ್ತ ಬಿಡವಾ,” ಎಂದು ಗೊಣಗಿ ಮಲ್ಲಿಕಾರ್ಜುನ ತಬಲಾ ಬಿಚ್ಚಿದ.

ಮಧ್ಯಾಹ್ನ ಇಳಿಯುವ ಹೊತ್ತಿನ ರಾಗ. ಮೊದಲ ಸ್ವರಕ್ಕೇ ಬಾರಿನ ಸದ್ದೆಲ್ಲ ನಿಂತಿತು. ಆ ಮೌನ ಈ ಸಲ ಆಕೆಯನ್ನು ತಳ್ಳಲಿಲ್ಲ, ಹಿಡಿದು ನಿಲ್ಲಿಸಿತು. ಅಂದು ಅರ್ಧಕ್ಕೆ ಬಿಟ್ಟಿದ್ದ ಸಾಲನ್ನು ದಾಟಿದಳು, ಮೇಲಿನ ಸ್ವರಗಳ ಅಂತರಾಕ್ಕೆ ಏರಿದಳು, ಅವಸರವಿಲ್ಲದೆ ಇಳಿದಳು. ಲೀಸಾ ಬಾಯಿ ತೆರೆದು ಕೇಳುತ್ತಿದ್ದಳು. ಐಶ್ವರ್ಯಾ ನೆಟ್ಟಗೆ ಕೂತಿದ್ದಳು.

ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಮುಟ್ಟಿ ಶಾಂತಾದೇವಿ ಗೋಡೆಯ ಗಡಿಯಾರ ನೋಡಿದಳು. ಹಾಡು ಮುಗಿದಿತ್ತು. ತನ್ನ ಪಾಲಿನದರಲ್ಲಿ ಇನ್ನೂ ಒಂದು ನಿಮಿಷ ಉಳಿದಿತ್ತು. ಅದನ್ನು ಬಿಟ್ಟುಕೊಡುವ ಮನಸ್ಸು ಆಕೆಗಿರಲಿಲ್ಲ. ಲಯ ಏರಿಸಿ ಎಂದು ಗಂಡನಿಗೆ ಬೆರಳಾಡಿಸಿ, ಸ್ವರಗಳ ಬಿರುಸಿನ ತಾನ ಎತ್ತಿಕೊಂಡಳು.