ಹನ್ನೆರಡು ವರ್ಷದ ಬಣ್ಣ

ಮಂಗಳೂರಿನ ದೇರೆಬೈಲಿನಲ್ಲಿ ನಮ್ಮದೊಂದು ಫ್ಲ್ಯಾಟ್ ಇದೆ. ಮೂರನೇ ಮಾಳಿಗೆ, ಹಳೆಯ ಕಟ್ಟಡ. ಕೊಂಡ ದಿನದಿಂದ ಬಾಡಿಗೆಗೆ ಕೊಟ್ಟಿದ್ದೆವು. ಈಗ ಬಾಡಿಗೆಯವರನ್ನು ಬಿಡಿಸಿ, ಅಡುಗೆಮನೆ ಒಡೆದು, ಬಚ್ಚಲಿನ ಟೈಲ್ಸ್ ಕಿತ್ತು ಎಲ್ಲವನ್ನೂ ಹೊಸದು ಮಾಡಿಸುತ್ತಿದ್ದೇವೆ. ಯಾಕೆಂದರೆ ಏಪ್ರಿಲ್‌ನಲ್ಲಿ ನಾನೂ ಮಗಳು ಶರಣ್ಯಾಳೂ ಅಲ್ಲಿಗೆ ಹೋಗಿ ಇರಬೇಕು. ನನ್ನ ಗಂಡ ಯಶೋಧರ ಇಲ್ಲಿಯೇ, ಕುವೈತಿನಲ್ಲಿಯೇ ಇರುತ್ತಾರೆ.

ಇವರ ಕಂಪನಿ ಫ್ಯಾಮಿಲಿಗೆ ಮನೆ ಕೊಡುವುದನ್ನು ನಿಲ್ಲಿಸಿತು. ಫರ್ವಾನಿಯಾದ ಈ ಎರಡು ಕೋಣೆಯ ಮನೆಯನ್ನು ಮಾರ್ಚ್ ಕೊನೆಗೆ ಖಾಲಿ ಮಾಡಬೇಕು. ಇದೇ ರಸ್ತೆಯಲ್ಲಿ ಊರಿನವರು ನಾಲ್ಕು ಜನ ಇರುವ ರೂಮಿನಲ್ಲಿ ಇವರಿಗೊಂದು ಮಂಚ ಸಿಕ್ಕಿದೆ. "ಎರಡೇ ಎರಡು ವರ್ಷ ಆಶಾ. ಮತ್ತೆ ನಾನೂ ಬಂದುಬಿಡ್ತೇನೆ" ಎಂದು ಡಿಸೆಂಬರ್‌ನಲ್ಲಿ ಹೇಳಿದ್ದರು. ನಾನು ಆಗಬಹುದು ಎಂದೆ. ಹದಿನಾರು ವರ್ಷ ಇದ್ದ ಜಾಗ ಬಿಡುವಾಗ ಅಳು ಬರಬೇಕಿತ್ತು, ಜಗಳವನ್ನಾದರೂ ಆಡಬೇಕಿತ್ತು. ನನ್ನ ಬಾಯಿ ಸಾಮಾನ್ಯದ್ದಲ್ಲ, ಬೇಕಾದವರನ್ನು ಕೇಳಿ. ಆದರೆ ಆ ದಿನದಿಂದ ನನಗೆ ಏನೂ ಅನ್ನಿಸಲೇ ಇಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ಕೆನ್ನೆ ಇದ್ದೂ ಇಲ್ಲದ ಹಾಗೆ ಆಗುತ್ತದಲ್ಲ, ಇಡೀ ಮೈ ಹಾಗಿತ್ತು. ಎರಡು ವರ್ಷ ಎನ್ನುವುದೊಂದನ್ನು ನೆನಪಿನಲ್ಲಿ ಇಟ್ಟುಕೊಂಡು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದೆ.

ಫೆಬ್ರವರಿಯಲ್ಲಿ, ಫ್ಲ್ಯಾಟಿನ ಕೆಲಸವನ್ನೆಲ್ಲ ವಹಿಸಿಕೊಂಡ ಅಬ್ದುಲ್ ನಾಸಿರ್ ಊರಿನಿಂದ ಫೋನ್ ಮಾಡಿ, ಗೋಡೆಗೆ ಪುಟ್ಟಿ ಹಚ್ಚಿ ಆಗಿದೆ, ಬಣ್ಣ ಹೇಳಿ ಎಂದು ಅವಸರ ಮಾಡಿದ. ಆ ಶುಕ್ರವಾರ ಇವರು ನಮ್ಮಿಬ್ಬರನ್ನೂ ಶುವೈಖ್ ಇಂಡಸ್ಟ್ರಿಯಲ್ ಏರಿಯಾಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮನೆ ಕಟ್ಟುವ ಸಾಮಾನಿನ ಶೋರೂಮಿನಲ್ಲಿ ಇವರಿಗೆ ಕೆಲಸ. ಇಷ್ಟು ವರ್ಷ ಕಂಡವರ ಮನೆಗೆಲ್ಲ ಬಣ್ಣ ಹೊಂದಿಸಿಕೊಟ್ಟವರು. ಅಂದು ರಜೆ, ಒಳಗೆ ಬೇರೆ ಯಾರೂ ಇರಲಿಲ್ಲ. ಊರಿನಲ್ಲಿ ಸಿಗುವ ಟೈಲ್ಸ್, ಲ್ಯಾಮಿನೇಟಿನ ಮಾದರಿಗಳನ್ನೂ ಪೈಂಟಿನ ಶೇಡ್ ಕಾರ್ಡನ್ನೂ ಯಾರದೋ ಕೈಯಲ್ಲಿ ತರಿಸಿಕೊಂಡಿದ್ದರು. ಒಂದು ಟೈಲ್ಸ್ ನೆಲದ ಮೇಲಿಟ್ಟು, ಅದರ ಪಕ್ಕ ಕಪಾಟಿಗೆ ಅಂಟಿಸುವ ಲ್ಯಾಮಿನೇಟಿನ ತುಂಡು ನಿಲ್ಲಿಸಿ, ಶೇಡ್ ಕಾರ್ಡ್ ಹಿಡಿದು, ಎರಡು ಹೆಜ್ಜೆ ಹಿಂದೆ ಬಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಖುಷಿಯಲ್ಲಿದ್ದರು. ಅದನ್ನು ನೋಡಿ ನನಗೆ ಕೋಪ ಬರಬೇಕಿತ್ತು, ಬರಲಿಲ್ಲ.

"ಕಿಚನಿಗೆ ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಟ್ ಹಾಕುವ. ಗ್ಲಾಸಿ ಹಾಕಿದ್ರೆ ಬೆರಳಿನ ಗುರುತೆಲ್ಲ ಕಾಣ್ತದೆ. ಮೇಲಿನ ಕಪಾಟಿಗೆ ಕ್ರೀಮ್, ಕೆಳಗಿನದ್ದಕ್ಕೆ ಈ ಬೂದಿ ಬಣ್ಣ. ನಲ್ಲಿ, ಹಿಡಿಕೆ ಎಲ್ಲ ಮಿಂಚದ ಸ್ಟೀಲ್. ಹೇಗೆ?"

"ಆಗ್ಬಹುದು."

"ಎಂತ ಮಾರಾಯ್ತಿ, ಅಡುಗೆ ಮಾಡುದು ನೀನು. ಒಂದು ಮಾತಾದ್ರೂ ಹೇಳು."

"ಚೆಂದ ಉಂಟು."

"ಖಲಾಸ್" ಎಂದು ಪಟ್ಟಿಯಲ್ಲಿ ಗುರುತು ಹಾಕಿದರು. ಆಮೇಲೆ ಬಿಳಿ ಬಣ್ಣದ ಪಾಠ ಶುರುವಾಯಿತು. ನೆಲ ಹಳದಿ ಕಡೆಗೆ ವಾಲಿದ ಬಿಳಿಯಾಗಿದ್ದರೆ ಗೋಡೆಯೂ ಅದೇ ಕಡೆಗಿರಬೇಕಂತೆ, ನೀಲಿ ಕಡೆಯ ಬಿಳಿ ಹೊಡೆಸಿದರೆ ಎಷ್ಟು ಒರೆಸಿದರೂ ನೆಲ ಕೊಳೆಯಾದಂತೆಯೇ ಕಾಣುತ್ತದಂತೆ. ತೋರಿಸಿದ ಏಳೆಂಟು ಬಿಳಿಯಲ್ಲಿ ನನಗೆ ಒಂದೇ ಬಿಳಿ ಕಂಡಿತು. ಶರಣ್ಯಾಳನ್ನು ಕೇಳಿದರೆ ಅವಳು ಮೊಬೈಲಿನಿಂದ ತಲೆ ಎತ್ತದೆ, "ಎನಿಥಿಂಗ್ ಪಪ್ಪಾ. ಇಟ್ಸ್ ಜಸ್ಟ್ ಅ ವಾಲ್" ಎಂದಳು. ಅಪ್ಪನ ಮೇಲಿನ ಸಿಟ್ಟನ್ನು ಅವಳು ಇಂಗ್ಲಿಷಿನಲ್ಲಿ ತೀರಿಸಿಕೊಳ್ಳುವುದು.

ಕೊನೆಗೆ ಇವರು ಒಂದು ಕ್ರೀಮ್ ಬಣ್ಣದ ಮೇಲೆ ಬೆರಳಿಟ್ಟರು.

"ಹಾಲಿಗೂ ಬೆಡ್‌ರೂಮಿಗೂ ಇದೇ ಇರ್ಲಿ. ಒಳ್ಳೆ ಪೈಂಟ್ ಇದು, ಹನ್ನೆರಡು ವರ್ಷ ವಾರಂಟಿ. ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಆಯ್ತು. ನಾನು ಬರುವವರೆಗೆ ನಿಂಗೆ ಮತ್ತೆ ಪೈಂಟಿನವರ ತಲೆಬಿಸಿ ಇಲ್ಲ."

ಹೀಗೆ ಹೇಳಿ ನಂಬರ್ ಬರೆದುಕೊಂಡರು. ಪೆನ್ಸಿಲ್ ನಡುವೆ ನಿಲ್ಲಲಿಲ್ಲ. ತಾನು ಏನು ಹೇಳಿದೆ ಎಂಬುದು ಅವರಿಗೆ ಗೊತ್ತಾಗಲೇ ಇಲ್ಲ.

ಹನ್ನೆರಡು ವರ್ಷಕ್ಕೆ ಶರಣ್ಯಾಳಿಗೆ ಇಪ್ಪತ್ತೈದಾಗುತ್ತದೆ. ಇವರಿಗೆ ಅರವತ್ತು. ನನಗೆ ಐವತ್ತಮೂರು. ಬೆಳಗ್ಗಿನಿಂದ ಆರಿಸಿದ್ದೆಲ್ಲ ಯಾಕೆ ಹಾಗಿತ್ತು ಎಂದು ಆಗ ತಿಳಿಯಿತು. ನೀರು ಬಿದ್ದರೂ ಉಬ್ಬದ ಪ್ಲೈವುಡ್, ತುಕ್ಕು ಹಿಡಿಯದ ತಿರುಪು, ಸವೆಯದ ಟೈಲ್ಸ್. ಒಬ್ಬಳೇ ಇರುವ ಹೆಂಗಸು ಯಾರನ್ನೂ ರಿಪೇರಿಗೆ ಕರೆಯಬೇಕಾಗದಂತಹ ಮನೆ. ಇವರು ಪ್ರೀತಿಯಿಂದಲೇ ಮಾಡುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ಎದೆಯಲ್ಲಿ ಎಲ್ಲೋ ಚುಚ್ಚಿದ ಹಾಗಾಯಿತು, ಮತ್ತೆ ಏನೂ ಇಲ್ಲ. ಹೊರಗೆ ಬಂದು ಕಾರಿನಲ್ಲಿ ಕುಳಿತೆ. ಗಾಜಿನ ಮೇಲೆ ಧೂಳು ಕೂತಿತ್ತು, ಇವರು ನೀರು ಹಾಯಿಸಿ ವೈಪರ್ ಹಾಕಿದರು.

ಭಾನುವಾರ ಇವರು ಕೆಲಸಕ್ಕೆ ಹೋಗುವಾಗ ಪಟ್ಟಿಯನ್ನು ನಾಸಿರ್‌ಗೆ ಕಳಿಸಲು ಹೇಳಿದರು. ಟೈಲ್ಸ್, ಲ್ಯಾಮಿನೇಟ್, ನಲ್ಲಿ, ಎಲ್ಲದರ ನಂಬರನ್ನೂ ಇದ್ದದ್ದು ಇದ್ದ ಹಾಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅವನ ಫೋನ್ ಬಂತು.

"ಅಕ್ಕ, ಲಿಸ್ಟಿನಲ್ಲಿ ಪೈಂಟ್ ಬರ್ಲಿಲ್ಲ."

"ಆ ಪೈಂಟ್ ಬೇಡ. ಸುಣ್ಣದ ಹಾಗಿನ ಆ ಅಗ್ಗದ ಡಿಸ್ಟೆಂಪರ್ ಉಂಟಲ್ಲ, ಅದನ್ನು ಹೊಡೀರಿ."

"ಅಂಥ ಕಿಚನ್ ಮಾಡಿಸಿ ಡಿಸ್ಟೆಂಪರಾ ಅಕ್ಕ? ನಮ್ಮ ಮಳೆಗೆ ಅದು ಎರಡು ವರ್ಷ ಬಂದ್ರೆ ದೊಡ್ಡದು. ಗೋಡೆಗೆ ಒರಗಿ ಕೂತ್ರೆ ಅಂಗಿಗೆ ಬಣ್ಣದ ಹಿಟ್ಟು ಹಿಡೀತದೆ. ಮತ್ತೆ ಉದುರ್ಲಿಕ್ಕೆ ಸುರು ಆಗ್ತದೆ."

"ಎರಡು ವರ್ಷ ಬರ್ತದಲ್ಲ?"

"ಅಷ್ಟು ಬರ್ತದೆ. ಅದಕ್ಕಿಂತ ಜಾಸ್ತಿ ನನ್ನತ್ರ ಕೇಳ್ಬೇಡಿ."

"ನಂಗೂ ಅಷ್ಟೇ ಬೇಕಾದ್ದು."

"ಯಶಣ್ಣನಿಗೆ ಗೊತ್ತುಂಟಾ?"

"ಎರಡು ವರ್ಷ ಅಂತ ಹೇಳಿದ್ದೇ ಅವರು."

ಫೋನ್ ಇಟ್ಟು ಅನ್ನಕ್ಕೆ ಅಕ್ಕಿ ತೊಳೆದೆ. ನೀರಿನ ತಣ್ಣಗೆ ಬೆರಳಿಗೆ ತಾಗಿತು. ಎರಡು ತಿಂಗಳ ಮೇಲೆ ನನ್ನ ಕೈ ನನ್ನದು ಅನ್ನಿಸಿದ್ದು ಆಗಲೇ.

ಸಂಜೆ ಇವರು ಬಾಗಿಲಲ್ಲಿ ಶೂ ಬಿಚ್ಚುವ ಮೊದಲೇ ಶುರು ಮಾಡಿದರು. ನಾಸಿರ್ ಇವರಿಗೂ ಫೋನ್ ಮಾಡಿದ್ದ.

"ತಲೆ ಸರಿ ಉಂಟಾ ನಿಂಗೆ? ಡಿಸ್ಟೆಂಪರ್ ಅಂತೆ! ನಮ್ಮ ಶೋರೂಮಿನಲ್ಲಿ ಆ ಹೆಸರು ಹೇಳಿದ್ರೆ ನಗ್ತಾರೆ. ಎರಡು ವರ್ಷದಲ್ಲಿ ಗೋಡೆಯೆಲ್ಲ ಉದುರ್ತದೆ. ಆಗ ಯಾರು ಮಾಡಿಸುದು?"

"ನೀವು. ಅಷ್ಟೊತ್ತಿಗೆ ನೀವು ಅಲ್ಲಿರ್ತೀರಲ್ಲ."

ಶುಕ್ರವಾರ ಹೇಳಿದ ಮಾತು ಇವರಿಗೆ ನೆನಪಾದದ್ದನ್ನು ನಾನು ಕಣ್ಣಾರೆ ಕಂಡೆ. ಕುರ್ಚಿ ಎಳೆದು ಕುಳಿತರು. ಟೈ ಕೂಡ ಬಿಚ್ಚಲಿಲ್ಲ.

"ಎರಡು ವರ್ಷದಲ್ಲಿ ಆಗುದಿಲ್ಲ ಆಶಾ" ಎಂದರು, ಮೆಲ್ಲಗೆ. "ಶರಣ್ಯಾಳ ಓದು ಮುಗೀಬೇಕು. ಊರಲ್ಲಿ ಈ ವಯಸ್ಸಿಗೆ ನಂಗೆ ಯಾರು ಕೆಲಸ ಕೊಡ್ತಾರೆ? ಎಷ್ಟು ವರ್ಷ ಅಂತ ನಂಗೂ ಗೊತ್ತಿಲ್ಲ."

"ಗೊತ್ತಿಲ್ಲದಿದ್ರೆ ಹನ್ನೆರಡು ಯಾಕೆ ಆರಿಸಿದ್ರಿ? ಪೈಂಟಿಗೆ ಹೇಳಿದ್ರಿ, ನಂಗೆ ಹೇಳ್ಲಿಲ್ಲ."

"ಹೇಳಿದ್ರೆ ನೀನು ಹೋಗ್ತಿರ್ಲಿಲ್ಲ."

"ಹೋಗ್ತಿದ್ದೆ. ಮಗಳನ್ನು ಕಟ್ಟಿಕೊಂಡು ಬೀದಿಯಲ್ಲಿ ಕೂರ್ಲಿಕ್ಕೆ ಆಗ್ತದಾ? ಅಳ್ತಾ ಹೋಗ್ತಿದ್ದೆ. ಅದನ್ನೂ ತಪ್ಪಿಸಿಬಿಟ್ರಿ."

ಇವರು ಕಿಸೆಯಿಂದ ಮೊಬೈಲ್ ತೆಗೆದು ಟೇಬಲ್ ಮೇಲಿಟ್ಟರು.

"ನಾಸಿರ್ ಕಾಯ್ತಾ ಇದ್ದಾನೆ. ಒಳ್ಳೆ ಪೈಂಟೇ ಹೊಡೀಲಿಕ್ಕೆ ಹೇಳ್ತೇನೆ."

"ಬೇಡ. ಡಿಸ್ಟೆಂಪರೇ ಇರ್ಲಿ. ಉದುರಿದಾಗ ನಾನು ಆಳು ಕರೆಯುದಿಲ್ಲ. ಅಂಗಿಗೆ ಹಿಟ್ಟು ಹಿಡೀಲಿ, ಬಂದವರೆಲ್ಲ ನೋಡ್ಲಿ. ನೀವು ಬಂದು ಪೈಂಟ್ ಹೊಡೆದ್ರೆ ಉಂಟು, ಇಲ್ಲದಿದ್ರೆ ಇಲ್ಲ."

ಇವರು ಮೊಬೈಲ್ ಕೈಗೆತ್ತಿಕೊಂಡರು.

"ಯಾವ ಬಣ್ಣ ಹೇಳಿದ್ದೀ ಅವನಿಗೆ?"

ಬಣ್ಣ ಹೇಳುವುದನ್ನೇ ನಾನು ಮರೆತಿದ್ದೆ.

"ಸದ್ಯಕ್ಕೆ ಯಾವುದಾದ್ರೂ ಹೊಡೀಲಿ" ಎಂದೆ. "ನಂಗೆ ಬೇಕಾದ ಬಣ್ಣ ನೀವು ಬಂದಾಗ ಹೇಳ್ತೇನೆ."