ದೋನ್ ಫೋರ್ತುನಾತೊಗಾಗಿ ಉಪವಾಸ

ಆಗಸ್ಟ್ ತಿಂಗಳಲ್ಲಿ ಲೀಮಾದಲ್ಲಿ ಅಂಗಿ ಒಣಗುವುದಿಲ್ಲ. ಸೋಮವಾರ ಒಗೆದು ಮಂಚದ ಕಂಬಿಗೆ ನೇತುಹಾಕಿದ ಬಿಳಿ ಅಂಗಿಯ ಕಾಲರು ಗುರುವಾರವೂ ತಣ್ಣಗೆ ಕುತ್ತಿಗೆಗೆ ಅಂಟಿಕೊಳ್ಳುತ್ತಿತ್ತು. ವಿಲ್ಮರ್ ವರಾಚಿ ಹದಿನಾರು ದಿನಗಳಿಂದ ಇದನ್ನು ಗಮನಿಸುತ್ತಿದ್ದ. ಬೊಲಿವಿಯಾದ ಎತ್ತರದಲ್ಲಿರುವ ಅವನ ಊರು ಒರೂರೊದಲ್ಲಿ ಒದ್ದೆ ಬಟ್ಟೆ ಬೆಳಗಿನ ಜಾವ ಹಲಗೆಯಂತೆ ಹೆಪ್ಪುಗಟ್ಟುತ್ತಿತ್ತು, ಬಿಸಿಲು ಬಿದ್ದ ಒಂದೇ ಗಂಟೆಯಲ್ಲಿ ಗರಿಗರಿಯಾಗುತ್ತಿತ್ತು. ಇಲ್ಲಿ ಬಿಸಿಲಿರಲಿಲ್ಲ. ಬೂದು ಬಣ್ಣದ ಒಂದೇ ಮೋಡ ಹದಿನಾರು ದಿನಗಳಿಂದ ಕದಲದೆ ಕೂತಿತ್ತು.

ಚರ್ಚಿನ ತರಬೇತಿ ಕೇಂದ್ರದಲ್ಲಿ ಅವನಿಗೆ ಇನ್ನು ಐದು ದಿನ ಬಾಕಿ. ಆಮೇಲೆ ಉತ್ತರದ ಪಿಯೂರಾ ಎಂಬ ಊರಿಗೆ ಹೋಗಿ, ತರಬೇತಿಯೂ ಸೇರಿ ಎರಡು ವರ್ಷ ಮುಗಿಯುವ ತನಕ ಮನೆಮನೆಯ ಬಾಗಿಲು ತಟ್ಟಿ ಬೋಧಿಸಬೇಕು. ಹತ್ತೊಂಬತ್ತರ ಹುಡುಗರನ್ನೂ ಇಲ್ಲಿ ಎಲ್ಡರ್, ಅಂದರೆ ಹಿರಿಯ, ಎಂದೇ ಕರೆಯಬೇಕು. ಜೇಬಿನ ಮೇಲಿನ ಕಪ್ಪು ಪಟ್ಟಿಯಲ್ಲಿ ಇರುವುದು ಮನೆತನದ ಹೆಸರು ಮಾತ್ರ. ಇಬ್ಬಿಬ್ಬರನ್ನು ಜೋಡಿ ಮಾಡಿರುತ್ತಾರೆ. ಸ್ನಾನದ ಹೊತ್ತು ಬಿಟ್ಟರೆ ಜೊತೆಗಾರ ಕಣ್ಣಳತೆಯಲ್ಲೇ ಇರಬೇಕು. ವಿಲ್ಮರನ ಜೊತೆಗಾರ ಎಲ್ಡರ್ ಮೊಸ್ಕೇರಾ, ಈಕ್ವೆಡಾರಿನ ಬಂದರಿನ ಊರಿನವನು. ನಿದ್ದೆಯಲ್ಲೂ ಮಾತಾಡುತ್ತಿದ್ದ.

ಗುರುವಾರ ಮಧ್ಯಾಹ್ನ ಊಟದ ಕೋಣೆಯಲ್ಲಿ ಮೊಸ್ಕೇರಾ ವಿಲ್ಮರನ ತಟ್ಟೆಯ ಕಡೆ ನೋಡಿದ.

"ಏನೋ ಎಲ್ಡರ್ ವರಾಚಿ, ಕೋಳಿ ಕಾಲು ಹಾಗೇ ಬಿಟ್ಟಿದ್ದೀಯ? ನಿಮ್ಮ ಬೆಟ್ಟದ ಮೇಲೆ ಕೋಳಿಗೆ ಕಾಲು ಇರಲ್ವಾ?"

"ಉಪವಾಸ ಮಾಡ್ತಿದ್ದೀನಿ."

"ಇವತ್ತು ಗುರುವಾರ ಕಣೋ. ಉಪವಾಸದ ಭಾನುವಾರಕ್ಕೆ ಇನ್ನೂ ಹತ್ತು ದಿನ ಇದೆ."

"ಅದಲ್ಲ. ದೋನ್ ಫೋರ್ತುನಾತೊಗೋಸ್ಕರ."

ಮೊಸ್ಕೇರಾನ ಫೋರ್ಕು ಅರ್ಧ ದಾರಿಯಲ್ಲಿ ನಿಂತಿತು. "ಯಾರಿಗೋಸ್ಕರ? ಲೋ, ಅವರು ನಮ್ಮ ಬ್ರದರ್ ಸಾಲ್ಸೇಡೊ! ಬೆಳಿಗ್ಗೆ ಟೈ ಕಟ್ಕೊಂಡು ನಮಗೆ ಪಾಠ ಮಾಡ್ತಾರೆ, ಮಧ್ಯಾಹ್ನ ನಮ್ಮ ಬೋಧನೆ ಅಭ್ಯಾಸಕ್ಕೆ ಅಂತ ಹಳೇ ಟೋಪಿ ಹಾಕ್ಕೊಂಡು ಫೋರ್ತುನಾತೊ ಅನ್ನೋ ಗಾರೆ ಕೆಲಸದವನಾಗಿ ಕೂರ್ತಾರೆ. ಅವರಿಗೆ ಎಂಟನೇ ವಯಸ್ಸಿಗೇ ದೀಕ್ಷಾಸ್ನಾನ ಆಗಿದೆ. ಆಗಿರೋರಿಗೆ ಆಗ್ಲಿ ಅಂತ ಉಪವಾಸ ಮಾಡ್ತೀಯಾ?"

"ಗೊತ್ತು."

"ಗೊತ್ತಿದ್ದೂ?"

"ಹೂಂ."

"ಸರಿ, ಹಾಗಾದ್ರೆ ಕಾಲು ಇತ್ತ ತಳ್ಳು. ಅನ್ನ ದಂಡ ಮಾಡಿದ್ರೆ ದೇವರು ಒಪ್ಪಲ್ಲ."

ವಿಲ್ಮರ್ ತಟ್ಟೆ ತಳ್ಳಿದ. ಅಸಲು ವಿಷಯವನ್ನು ಹೇಳಲಿಲ್ಲ.

ಬರುವ ಸೋಮವಾರ ಹನ್ನೊಂದು ಗಂಟೆಗೆ ಕೇಂದ್ರದ ಅಧ್ಯಕ್ಷರನ್ನು ಕಾಣಲು ಅವನು ಸಮಯ ಕೇಳಿಕೊಂಡಿದ್ದ. ಮನೆಗೆ ಹೋಗುತ್ತೇನೆ ಎಂದು ಹೇಳುವುದಕ್ಕೆ. ಕಾರಣ ಒಂದೇ ಆಗಿದ್ದರೆ ಹೇಳುವುದು ಸುಲಭವಿತ್ತು. ಆರೂವರೆಗೆ ಏಳುವುದು, ಬಾಯಿಪಾಠ, ಪ್ರಾರ್ಥನೆ, ಮತ್ತೆ ಬಾಯಿಪಾಠ, ಕೆನ್ನೆ ನೋಯುವಷ್ಟು ಮುಗುಳ್ನಗೆ. ಇವೆಲ್ಲ ದಣಿವೇ, ಆದರೆ ನಿದ್ದೆಯಿಂದ ಹೋಗುವ ದಣಿವು. ಹೋಗದೆ ಉಳಿದದ್ದು ಬೇರೆ. ಪ್ರತಿ ಪಾಠವೂ "ದೇವರು ನಮ್ಮನ್ನ ನಿಮ್ಮ ಹತ್ತಿರ ಕಳಿಸಿದ್ದಾನೆ" ಎಂಬ ಮಾತಿನಿಂದ ಶುರುವಾಗುತ್ತಿತ್ತು. ಆ ಮಾತು ಬಂದಾಗಲೆಲ್ಲ ಅವನಿಗೆ ಒರೂರೊದ ಬಸ್ ನಿಲ್ದಾಣ ನೆನಪಾಗುತ್ತಿತ್ತು. ವ್ಯಾನು ರಿಪೇರಿಯ ಅಪ್ಪ ಚರ್ಚಿನ ಮೆಟ್ಟಿಲು ಹತ್ತಿದವನಲ್ಲ. ಗ್ರೀಸ್ ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, "ಹೋಗೋದಾದ್ರೆ ಹೋಗು. ಆದ್ರೆ ದೇವರು ಕಳಿಸ್ದ ಅನ್ಬೇಡ. ನಾನೇ ಹೋಗ್ತಿದ್ದೀನಿ ಅನ್ನು," ಎಂದಿದ್ದ. ವಿಲ್ಮರ್ ಉತ್ತರ ಕೊಡುವುದರೊಳಗೆ ಬಸ್ಸು ಹೊರಟಿತ್ತು. ವಾರಕ್ಕೊಮ್ಮೆ ಮನೆಗೆ ಫೋನ್ ಮಾಡಬಹುದು. ಎರಡು ಸೋಮವಾರ ಮಾಡಿದ. ಎರಡು ಸಲವೂ ಅಪ್ಪ ವ್ಯಾನಿನ ಕೆಳಗಿದ್ದ, ಎದ್ದು ಬರಲಿಲ್ಲ.

ಹಾಗಾಗಿ ಅವನೊಂದು ಪರೀಕ್ಷೆ ಹೂಡಿದ. ಶುಕ್ರವಾರ ಮೂರು ಗಂಟೆಗೆ ದೋನ್ ಫೋರ್ತುನಾತೊಗೆ ನಾಲ್ಕನೆಯ ಪಾಠ. ದೀಕ್ಷಾಸ್ನಾನಕ್ಕೆ ದಿನ ಗೊತ್ತು ಮಾಡೋಣವೇ ಎಂದು ಅಂದು ಕೇಳಬೇಕು. ಅನ್ನ ನೀರು ಬಿಟ್ಟು ಬೇಡಿಕೊಂಡ ಮೇಲೆ ಆತ ಹೂಂ ಎಂದರೆ, ತನ್ನನ್ನು ಕಳಿಸಿದವನು ದೇವರೇ, ಉಳಿಯಬೇಕು. ಇಲ್ಲ ಎಂದರೆ ಸೋಮವಾರ ಬಸ್ಸು. ಆತ ಪಾತ್ರಧಾರಿ ಎಂಬುದನ್ನೂ ವಿಲ್ಮರ್ ಲೆಕ್ಕಕ್ಕೆ ತೆಗೆದುಕೊಂಡಿದ್ದ. ಪಾತ್ರಧಾರಿಯ ಬಾಯಿಂದಲೂ ದೇವರು ಮಾತಾಡಿಸಬಲ್ಲ ಎಂದುಕೊಂಡಿದ್ದ.

ಶುಕ್ರವಾರ ಮೂರಕ್ಕೆ ಅವರು ಬಾಗಿಲು ತಟ್ಟಿದರು. ಚಿಕ್ಕ ಕೋಣೆ, ಮೂರು ಕುರ್ಚಿ, ಒಂದು ಮೇಜು. ಗೋಡೆಗೆ ಯಾರದೋ ಮನೆಯ ಹಳೆಯ ಪರದೆ.

"ಬನ್ನಿ ಹುಡುಗ್ರಾ, ಬನ್ನಿ," ಎಂದರು ದೋನ್ ಫೋರ್ತುನಾತೊ. ಟೋಪಿಯ ಅಂಚಿನಲ್ಲಿ ಸಿಮೆಂಟಿನ ಕಲೆ. ದನಿ ಬ್ರದರ್ ಸಾಲ್ಸೇಡೊ ಅವರದಲ್ಲ, ಒಡೆದದ್ದು, ನಿಧಾನದ್ದು. "ಕಾಫಿ ಕೊಡ್ತಿದ್ದೆ. ನಿಮ್ಮ ಚರ್ಚಿನವರೋ ಕುಡಿಯಲ್ಲ, ನನಗೂ ಬಿಡಿಸೋಕೆ ಬಂದಿದ್ದೀರ."

"ಬಿಡೋಕಾಯ್ತಾ, ದೋನ್ ಫೋರ್ತುನಾತೊ?" ಎಂದು ಮೊಸ್ಕೇರಾ ಕೇಳಿದ.

"ಎರಡು ದಿನ ಬಿಟ್ಟೆ. ಮೂರನೇ ದಿನ ಗಾರೆ ಬಳಿಯೋ ತಾಪಿಯಿಂದ ಬೆರಳಿಗೇ ಹೊಡ್ಕೊಂಡೆ. ಇವ್ರಿಗೇನಾಗಿದೆ? ಸುಣ್ಣ ಬಳಿದ ಗೋಡೆ ಥರ ಆಗಿದ್ದಾರೆ."

"ಏನಿಲ್ಲ," ಎಂದ ವಿಲ್ಮರ್. ಅವನಿಗೆ ಪರದೆಯ ಹೂಗಳು ಒಂದರೊಳಗೊಂದು ಸೇರಿಹೋಗುತ್ತಿದ್ದವು. ನಾಲಿಗೆ ಅಂಗುಳಕ್ಕೆ ಅಂಟಿತ್ತು. "ದೇವರು ನಮ್ಮನ್ನ ನಿಮ್ಮ ಹತ್ತಿರ..." ಎಂದು ಶುರು ಮಾಡಿದ. ಮುಂದಿನ ಶಬ್ದ ಗೊತ್ತಿತ್ತು, ಬರಲಿಲ್ಲ. ಅದನ್ನು ಬಿಟ್ಟು ನೇರವಾಗಿ ಕೇಳಿಬಿಟ್ಟ: "ದೋನ್ ಫೋರ್ತುನಾತೊ, ಮುಂದಿನ ಶನಿವಾರ ನೀವು ದೀಕ್ಷಾಸ್ನಾನ ತಗೋತೀರಾ? ದಯವಿಟ್ಟು ಹೇಳಿ. ದಯವಿಟ್ಟು."

ಟೋಪಿಯ ಕೆಳಗಿನ ಮುಖ ಅವನನ್ನೇ ನೋಡುತ್ತಿತ್ತು. ಉತ್ತರ ಬರುವ ಮೊದಲೇ ಕುರ್ಚಿ ಪಕ್ಕಕ್ಕೆ ವಾಲಿದ ಹಾಗಾಯಿತು. ಕಣ್ಣು ಬಿಟ್ಟಾಗ ಅವನು ನೆಲದ ಮೇಲಿದ್ದ. ಮೊಸ್ಕೇರಾ ತನ್ನ ಟೈಯಿಂದ ಗಾಳಿ ಹಾಕುತ್ತಿದ್ದ. ಟೋಪಿ ತೆಗೆದ ಬ್ರದರ್ ಸಾಲ್ಸೇಡೊ ಅವನ ಕಾಲುಗಳನ್ನು ಎತ್ತಿ ಕುರ್ಚಿಯ ಮೇಲಿಡುತ್ತಿದ್ದರು.

"ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ ಬ್ರದರ್, ನೀರೂ ಕುಡಿದಿಲ್ಲ," ಎಂದು ಮೊಸ್ಕೇರಾ ಉಸಿರು ಬಿಡದೆ ಹೇಳಿದ. "ನಿಮಗೋಸ್ಕರ ಉಪವಾಸ. ಅಂದ್ರೆ ನಿಮಗಲ್ಲ, ಟೋಪಿಗೆ."

ಅರ್ಧ ಗಂಟೆಯ ನಂತರ ವಿಲ್ಮರ್ ಮತ್ತು ಬ್ರದರ್ ಸಾಲ್ಸೇಡೊ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ವಿಲ್ಮರನ ಕೈಯಲ್ಲಿ ಸಕ್ಕರೆ ಹೆಚ್ಚಾಗಿ ಹಾಕಿದ ಕ್ಯಾಮೊಮೈಲ್ ಹೂವಿನ ಕಷಾಯ. ಮೊಸ್ಕೇರಾನನ್ನು ಇಪ್ಪತ್ತು ಹೆಜ್ಜೆ ದೂರದ ಮರದ ಕೆಳಗೆ ನಿಲ್ಲಿಸಲಾಗಿತ್ತು. ಅಲ್ಲಿಂದ ಕಾಣುತ್ತದೆ, ಕೇಳಿಸುವುದಿಲ್ಲ. ಬ್ರದರ್ ಸಾಲ್ಸೇಡೊ ಗದರಿಸಲಿಲ್ಲ. ಯಾಕೆ ಎಂದು ಕೇಳಿದರು. ವಿಲ್ಮರ್ ಸೋಮವಾರದ ಹನ್ನೊಂದು ಗಂಟೆಯನ್ನೂ ಸೇರಿಸಿ ಎಲ್ಲವನ್ನೂ ಹೇಳಿದ. ಸುಳ್ಳು ಹೇಳುವುದಕ್ಕೂ ಅವನಲ್ಲಿ ಶಕ್ತಿ ಇರಲಿಲ್ಲ.

"ಈಗ ನಾನು ಒಂದು ಹೇಳ್ಬೇಕು, ಬೇಜಾರು ಮಾಡ್ಕೋಬೇಡ," ಎಂದರು ಸಾಲ್ಸೇಡೊ. ಅಷ್ಟು ದಿನ 'ನೀವು' ಎನ್ನುತ್ತಿದ್ದವರು. "ನಾಲ್ಕನೇ ಪಾಠದಲ್ಲಿ ಫೋರ್ತುನಾತೊ ಹೂಂ ಅಂತಾನೆ. ಪ್ರತಿ ತಂಡಕ್ಕೂ ಅಂತಾನೆ. ಹುಡುಗ್ರು ಧೈರ್ಯವಾಗಿ ಹೊರಡ್ಲಿ ಅಂತ ಹಾಗೆ ಮಾಡಿದೀವಿ. ನೀನು ಉಂಡಿದ್ರೂ ಹೂಂ ಅಂತಿದ್ದೆ."

ವಿಲ್ಮರ್ ಲೋಟವನ್ನು ನೋಡುತ್ತ ಕೂತ. ಒಂದೇ ಉತ್ತರವಿರುವ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಇಷ್ಟು ಅವನಿಗೆ ಶಾಲೆಯಲ್ಲೇ ಗೊತ್ತಿತ್ತು.

"ನಿಜವಾದ ಫೋರ್ತುನಾತೊ ಅಂತ ಒಬ್ರಿದ್ರು," ಎಂದರು ಸಾಲ್ಸೇಡೊ. "ಉವಾನ್ಕಾಯೊ ಅನ್ನೋ ಊರಲ್ಲಿ, ನಾನು ಬೋಧಿಸೋಕೆ ಹೋಗಿದ್ದಾಗ. ನಾನಾಗ ನಿನ್ನಷ್ಟೇ ದೊಡ್ಡವನು. ಹನ್ನೊಂದು ಸಲ ಅವರ ಮನೆಗೆ ಹೋಗಿದ್ದೆ. ಶನಿವಾರ ಬರ್ತೀನಿ ಅಂದ್ರು. ಸ್ನಾನದ ತೊಟ್ಟಿ ತುಂಬೋಕೆ ಮೂರು ಗಂಟೆ ಹಿಡೀತಿತ್ತು. ತುಂಬಿಸಿ, ಬಿಳಿ ಬಟ್ಟೆ ಹಾಕ್ಕೊಂಡು ಕಾದೆ. ಬರ್ಲಿಲ್ಲ. ಸಾಯಂಕಾಲ ನಾನೇ ಬಿರಡೆ ಕಿತ್ತು ನೀರು ಬಿಟ್ಟೆ."

"ಯಾಕೆ ಬರ್ಲಿಲ್ಲ?"

"ಗೊತ್ತಿಲ್ಲ. ಮನೆ ಮೇಲೆ ಇನ್ನೊಂದು ಅಂತಸ್ತು ಕಟ್ತಾ ಇದ್ರು. ಒಂಟಿ ಮನುಷ್ಯ. ಯಾರಿಗೋಸ್ಕರ ಕಟ್ತಿದ್ದೀರ ಅಂತ ಹನ್ನೊಂದು ಸಲದಲ್ಲಿ ಒಂದು ಸಲವೂ ಕೇಳ್ಲಿಲ್ಲ. ಪಾಠದ ಪುಸ್ತಕದಲ್ಲಿ ಆ ಪ್ರಶ್ನೆ ಇರ್ಲಿಲ್ಲ." ಅವರು ಟೋಪಿಯನ್ನು ಮೊಣಕಾಲಿನ ಮೇಲೆ ಒಮ್ಮೆ ತಿರುಗಿಸಿದರು. "ಮೂರು ವರ್ಷದಿಂದ ಈ ಟೋಪಿ ಹಾಕ್ತಿದ್ದೀನಿ. ಮೇಲೆ ಅಂತಸ್ತು ಕಟ್ತಿದ್ದೀನಿ ಅಂತ ಮೊದಲ ಪಾಠದಲ್ಲೇ ಹೇಳ್ತೀನಿ. ಯಾರಿಗೆ ಅಂತ ನೀವೂ ಯಾರೂ ಕೇಳಿಲ್ಲ."

ಹೋಗು ಎಂದೂ, ಇರು ಎಂದೂ ಅವರು ಹೇಳಲಿಲ್ಲ. ಅಡುಗೆಮನೆಯಿಂದ ಅನ್ನ ತರಿಸಿ, ಅವನು ತಿಂದು ಮುಗಿಸುವ ತನಕ ಪಕ್ಕದಲ್ಲಿ ಕೂತಿದ್ದರು.

ಸೋಮವಾರ ಬೆಳಿಗ್ಗೆ ಬಟ್ಟೆ ಒಗೆಯುವ ಯಂತ್ರಗಳ ಸದ್ದಿನ ನಡುವೆ ವಿಲ್ಮರ್ ಮನೆಗೆ ಫೋನ್ ಮಾಡಿದ. ಹತ್ತೂಕಾಲು. ಎದುರಿನ ಬೆಂಚಿನಲ್ಲಿ ಮೊಸ್ಕೇರಾ ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದ. ಅಮ್ಮ ಎಂದಿನಂತೆ ಉಂಡೆಯಾ, ಚಳಿಯಾ ಎಂದೆಲ್ಲ ಕೇಳಿದಳು.

"ಅಪ್ಪ ಎಲ್ಲಿ?"

"ಎಲ್ಲಿರ್ತಾರೆ, ವ್ಯಾನಿನ ಕೆಳಗೆ. ಬರಲ್ಲಪ್ಪ ಅವರು, ಗೊತ್ತಲ್ಲ."

"ಬರೋದು ಬೇಡ. ಫೋನನ್ನೇ ಅಲ್ಲಿಗೆ ತಗೊಂಡು ಹೋಗಿ ನೆಲದ ಮೇಲಿಡು."

ಅಂಗಳ ದಾಟುವ ಚಪ್ಪಲಿಯ ಸದ್ದು, ನಾಯಿ, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಗುಲುವ ಸದ್ದು.

"ಅಪ್ಪಾ, ಏನು ಬಿಚ್ಚಿದ್ದೀಯ?"

ಸ್ಪ್ಯಾನರ್ ನಿಂತಿತು.

"ಕ್ಲಚ್ಚು."

"ಯಾರ ಗಾಡಿ?"

"ಆ ಕುಂಟ ಕಾಂಡೊರಿದು. ಇನ್ಯಾರು ಹಿಂಗೆ ಸುಡ್ತಾರೆ? ಪ್ಲೇಟು ಹಪ್ಪಳ ಆಗಿದೆ."

"ಗೇರ್ ಬಾಕ್ಸ್ ಇಳಿಸ್ವಾಗ ಜಾಕ್ ಯಾರು ಹಿಡಿದ್ರು?"

"ಯಾರಿದ್ದಾರೆ? ಎರಡು ಇಟ್ಟಿಗೆ ಇಟ್ಟು, ಎದೆ ಮೇಲೆ ಇಳಿಸ್ಕೊಂಡೆ." ಏನೋ ನೆಲಕ್ಕಿಟ್ಟ ಸದ್ದು. "ನಿನ್ನ ದನಿ ಯಾಕೆ ಸಣ್ಣಗಾಗಿದೆ? ಅಲ್ಲಿ ಊಟ ಹಾಕಲ್ವಾ?"

"ಹಾಕ್ತಾರೆ. ನಾನೇ ಒಂದು ದಿನ ಬಿಟ್ಟೆ."

"ಬೇವಕೂಫ."

"ಅಪ್ಪಾ," ಎಂದ ವಿಲ್ಮರ್. ನಾನು ಬರುತ್ತಿದ್ದೇನೆ ಎಂಬ ಮಾತು ಮೂರು ದಿನದಿಂದ ಬಾಯಲ್ಲಿ ಸಿದ್ಧವಿತ್ತು; ಜಾಕ್ ನಾನು ಹಿಡಿಯುತ್ತೇನೆ ಎಂಬುದು ಈಗ ಸೇರಿತು. ಹೇಳಲು ಹೋದಾಗ, ಇದು ಕೂಡ ಬೇರೆ ಯಾರೋ ತನ್ನನ್ನು ಕಳಿಸಿದಂತೆಯೇ ಆಗುತ್ತದೆ ಎನ್ನಿಸಿತು. ಅಂದು ದೇವರು ಕಳಿಸಿದ, ಇಂದು ಇಟ್ಟಿಗೆ ಕಳಿಸಿತು. "ಅಪ್ಪಾ, ಅವತ್ತು ಬಸ್ ಸ್ಟ್ಯಾಂಡಲ್ಲಿ ನೀನು ಅಂದಿದ್ದಕ್ಕೆ ನಾನು ಏನೂ ಹೇಳ್ಲಿಲ್ಲ. ನಾನೇ ಬಂದೆ ಅಪ್ಪಾ. ಯಾರೂ ಕಳಿಸ್ಲಿಲ್ಲ. ಬರ್ಬೇಕು ಅನ್ನಿಸ್ತು, ಬಂದೆ. ಸರಿಯೋ ತಪ್ಪೋ ಗೊತ್ತಿಲ್ಲ."

ಅತ್ತ ಕಡೆ ಮೂಗೊರೆಸಿದ ಸದ್ದು, ಅಥವಾ ಬಟ್ಟೆಗೆ ಕೈ ಒರೆಸಿದ ಸದ್ದು.

"ಹೂಂ," ಎಂದ ಅಪ್ಪ. "ಹಾಗಾದ್ರೆ ಹೊಟ್ಟೆ ತುಂಬ ತಿನ್ನು. ಮುಂದಿನ ವಾರ ಫೋನು ಇಲ್ಲೇ ತಂದಿಡೋಕೆ ಹೇಳು. ಎದ್ದು ಬರೋಕೆ ಸೊಂಟ ಆಗಲ್ಲ."

ಸ್ಪ್ಯಾನರಿನ ಸದ್ದು ಮತ್ತೆ ಶುರುವಾಯಿತು. ವಿಲ್ಮರ್ ಅದನ್ನು ಎರಡು ನಿಮಿಷ ಕೇಳಿಸಿಕೊಂಡು ಫೋನ್ ಇಟ್ಟ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಇಬ್ಬರೂ ಅಧ್ಯಕ್ಷರ ಕಚೇರಿಯ ಮುಂದೆ ಬಂದರು. ವಿಲ್ಮರ್ ತಲೆ ಮಾತ್ರ ಒಳಗೆ ಹಾಕಿ, ಇವತ್ತಿನ ಭೇಟಿ ಬೇಡ, ತೊಂದರೆ ಕೊಟ್ಟೆ, ಕ್ಷಮಿಸಿ ಎಂದು ಹೇಳಿ ಹೊರಬಂದ. ಎರಡು ವರ್ಷ ಎಂದರೆ ನೂರ ನಾಲ್ಕು ಸೋಮವಾರ. ಅದರಲ್ಲಿ ಕಳೆದದ್ದು ಮೂರು.

"ಏನಿತ್ತೋ ಒಳಗೆ ಕೆಲಸ?" ಎಂದ ಮೊಸ್ಕೇರಾ.

"ಏನಿಲ್ಲ. ನಾಳೆ ಮೂರು ಗಂಟೆಗೆ ಮತ್ತೆ ಫೋರ್ತುನಾತೊ ಪಾಠ ಇದೆಯಲ್ಲ?"

"ಇದೆ. ಹೂಂ ಅಂತಾರಂತೆ, ಪಕ್ಕದ ಕೋಣೆಯವರು ಹೇಳಿದ್ರು. ಇನ್ನೇನು ಕೇಳೋದಿದೆ?"

"ಮೇಲಿನ ಅಂತಸ್ತು ಯಾರಿಗೆ ಕಟ್ತಿದ್ದೀರ ಅಂತ."

"ಯಾವ ಅಂತಸ್ತೋ?"

ವಿಲ್ಮರ್ ತಮ್ಮ ಕೋಣೆಗೆ ಬಂದ. ಕಂಬಿಯ ಮೇಲಿನ ಅಂಗಿ ಮುಟ್ಟಿ ನೋಡಿದ. ಕಾಲರು ಇನ್ನೂ ಹಸಿ. ಹಾಕಿಕೊಂಡ.