ದೊಡ್ಡವರ ಫೋನು ಇಟ್ಟವನು

ಕೆಂಪು, ಇಡೀ ಪರದೆ ಕೆಂಪು, ಬಂತು ಬಂತು ಅಂತ ಪೆಸಮಿನೊ ಮೀನಿನ ಪೆಟ್ಟಿಗೆ ಅಲ್ಲೇ ಬಿಸಾಕಿ ಹಾರಿದ, ಕಂಪನಿಯ ಕಂಪ್ಯೂಟರು ನೋಡಿಕೊಳ್ಳೋ ಮಸೆಲಿನಾ ಅಕ್ಕ ಬೆಳಿಗ್ಗೆಯೇ ಹೇಳಿದ್ದಳಲ್ಲ, ಇವತ್ತು ಯಾವಾಗಾದರೂ ಸುಳ್ಳು ದಾಳಿ ಬಿಡ್ತೀನಿ, ಕಂಪ್ಯೂಟರಿಗೆ ಕಳ್ಳ ನುಗ್ಗಿದ ಹಾಗೆ, ಮೊದಲು ಕಂಡವನು ಇಂಟರ್ನೆಟ್ಟಿನ ವೈರು ಕೀಳಬೇಕು, ಯಾರನ್ನೂ ಕೇಳೋ ಹಾಗಿಲ್ಲ — ಕಿತ್ತೇಬಿಟ್ಟ, ಟಕ್, ನೀಲಿ ವೈರು ಮುಷ್ಟಿಯೊಳಗೆ, ಎದೆಯೊಳಗೆ ದೋಣಿ ಪಂದ್ಯದ ಡೋಲು, ಇನ್ನೀಗ ಫೋನು ಬರುತ್ತದೆ, ಬರಲೇಬೇಕು, ಈಸ್ಟರ್ ವಾರ ನಿಜವಾದ ಕಳ್ಳರು ಬಂದಾಗಲೂ ಬಂದಿತ್ತು, ಆಗ ಈ ಕೆಲಸದಲ್ಲಿದ್ದ ಫಿತಿ ಪಾಪ ವೈರು ಕಿತ್ತಿದ್ದ, ಆಮೇಲೆ ಯಜಮಾನ ಲೆವಾಸಾ ಅವರ ದನಿ, ಕಂಪನಿಗೂ ಯಜಮಾನ ಊರಿಗೂ ಮುಖ್ಯಸ್ಥ, ಮತ್ತೆ ಸಿಕ್ಕಿಸೋ, ಆಗಲಿ ದೊಡ್ಡವರೇ, ಸಿಕ್ಕಿಸಿದ, ಅದು ಕಳ್ಳರು ಕಂಪ್ಯೂಟರಿನಲ್ಲಿ ನಕಲು ಮಾಡಿದ ದನಿ, ಕೋಲ್ಡ್ ಸ್ಟೋರೇಜು ಆರು ದಿನ ಸತ್ತು ಬಿದ್ದು ಹನ್ನೊಂದು ಟನ್ ಟ್ಯೂನಾ ಕೊಳೆತು ಆಪಿಯಾ ಬಂದರಿನ ತುಂಬ ನಾತ, ಫಿತಿಯ ಕೆಲಸ ಹೋಯಿತು, ಥೂ, ಅವನದೇನು ತಪ್ಪು, ಹಿರಿಯರಿಗೆ ಇಲ್ಲ ಅನ್ನೋದನ್ನ ಈ ದ್ವೀಪದಲ್ಲಿ ಯಾವ ಮುಂಡೇಗಂಡ ಕಲಿಸಿದ್ದಾನೆ, ಪೆಸಮಿನೊ ಒಂದೇ ಸಲ ಅಂದಿದ್ದ, ಮೇಷ್ಟ್ರೇ ನಿಮ್ಮ ಲೆಕ್ಕ ತಪ್ಪು, ಬೆನ್ನ ತುಂಬ ಬೆತ್ತ, ಎದುರು ಮಾತಾಡ್ತೀಯಾ, ಅವತ್ತಿಗೆ ಮುಗಿಯಿತು ಒಂಬತ್ತನೇ ಕ್ಲಾಸು, ಅದನ್ನು ಕೇಳಿ ಮಸೆಲಿನಾ ಅಕ್ಕ ನಕ್ಕಿದ್ದಳು, ಬಾರೋ, ಎದುರು ಮಾತಾಡೋನನ್ನೇ ಹುಡುಕ್ತಿದ್ದೆ, ಸಿಕ್ಕಿಸು ಅಂತ ಯಾರೇ ಅಂದರೂ ಫೋನು ಇಟ್ಟುಬಿಡು, ಗೋಡೆ ಮೇಲೆ ಬರೆದಿರೋ ಯಜಮಾನರ ನಂಬರಿಗೆ ನೀನೇ ತಿರುಗಿ ಮಾಡು —

ಫೋನು. ಏನೋ ಮಾಡಿದೀಯ ಹಂದಿ, ಹಡಗು ಕಾಯ್ತಾ ಇದೆ, ಸಿಕ್ಕಿಸೋ ವೈರು! ಅದೇ ಕೆಮ್ಮು, ಅದೇ ಗುಡುಗು, ಯಾರಿದು, ಅಕ್ಕನ ಆಟವೋ, ಕಳ್ಳನೋ, ನಿಜವಾಗಿ ದೊಡ್ಡವರೋ, ಅವರೇ ಆಗಿದ್ದರೆ ಸೋಮವಾರ ಊರಸಭೆ, ದಂಡ ಅಂತ ಹಂದಿ ಕೊಡಬೇಕು, ಅವ್ವ ಎಲ್ಲರೆದುರು ತಲೆ ತಗ್ಗಿಸಿ ಕೂರಬೇಕು, ನೋಡು ನೋಡು, ಫೋನಿನಲ್ಲೂ ಬೆನ್ನು ತಾನಾಗಿಯೇ ಬಗ್ಗುತ್ತಿದೆ, ಏಳೋ ಬೆನ್ನೇ, ನೆಟ್ಟಗೆ ನಿಲ್ಲೋ, ನೀಲಿ ವೈರಿನ ತುದಿ ಅಂಗೈಗೆ ಚುಚ್ಚುತ್ತಿದೆ, ಕಿವುಡೇನೋ, ಸಿಕ್ಕಿಸು ಅಂದೆ! ಇಲ್ಲ ದೊಡ್ಡವರೇ, ನಾನೇ ತಿರುಗಿ ಮಾಡ್ತೀನಿ — ಇಟ್ಟ. ಇಟ್ಟೇಬಿಟ್ಟ! ನಗು ಬರುತ್ತಿದೆ, ಊರಿನ ಮುಖ್ಯಸ್ಥರ ಫೋನು ಇಟ್ಟ ಗಂಡು ಹುಟ್ಟಿದ್ದಾನಾ ಇಲ್ಲಿ, ಗೋಡೆಯ ನಂಬರು, ಬೆರಳು ಜಾರಿ ಒಂಬತ್ತು ಎರಡು ಸಲ ಬಿತ್ತು, ಮತ್ತೆ ಮೊದಲಿಂದ, ಹೋಗ್ತಿದೆ, ಹೋಗ್ತಿದೆ, ಯಾರೋ ಅದು, ನಾನು, ಪೆಸಮಿನೊ, ಈಗ ಫೋನು ಮಾಡಿದ್ದು ತಾವೇನಾ, ಅದೇ ಕೆಮ್ಮು, ನಾನೇ ಕಣೋ, ಮಸೆಲಿನಾ ಇಟ್ಟ ಪರೀಕ್ಷೆ, ಬೇರೆ ಕಡೆಯ ಮೂರು ಜನಕ್ಕೂ ಮಾಡಿದೆ, ಮೂರೂ ಜನ ಸಿಕ್ಕಿಸೋಕೆ ಓಡಿದ್ರು, ನಿನ್ನ ವೈರು ಎಲ್ಲಿದೆ, ಕೈಯಲ್ಲಿದೆ ದೊಡ್ಡವರೇ, ಬಿಡಬೇಡ — ಬಿಡಬೇಡ ಅಂದರು, ಅವರೇ ಅಂದರು, ಮುಷ್ಟಿಯಲ್ಲಿ ನೀಲಿ ವೈರು, ಅದರ ತುದಿಯಲ್ಲಿ ಎಂಟು ತಾಮ್ರದ ಹಲ್ಲು, ಸಾಲಾಗಿ, ಹೊಳೆಯುತ್ತ, ಎಂಟು ಹಲ್ಲು